ಹೊಲಿಗೆ ಕೋಣೆಯ ಬಾಗಿಲು

ಚಳಿಗಾಲದ ರಜೆಗೆ ಕೋಲ್ಬಿ ಮನೆಗೆ ಬಂದಾಗ ಅಡುಗೆಮನೆಯಲ್ಲಿದ್ದ ಪಾತ್ರೆಗಳಲ್ಲಿ ಅರ್ಧ ಬೇರೆಯವರ ಮನೆಯವು. ಒಂದೊಂದರ ತಳಕ್ಕೂ ಅಂಟುಪಟ್ಟಿ ಹಚ್ಚಿ ಹೆಸರು ಬರೆದಿತ್ತು. ನೈಲಂಡ್. ಆಲ್ರೆಡ್. ಮತ್ತೆ ನೈಲಂಡ್. ಯೂಟಾದ ಆ ಕಣಿವೆಯಲ್ಲಿ ಯಾವ ಮನೆಯ ಕಾಯಿಲೆ ಎಲ್ಲಿಗೆ ಬಂದಿದೆ ಎಂದು ತಿಳಿಯಲು ಡಾಕ್ಟರನ್ನು ಕೇಳಬೇಕಾಗಿರಲಿಲ್ಲ. ನೆರೆಹೊರೆಯವರು ಅಡುಗೆ ತುಂಬಿ ಕಳಿಸಿದ, ತೊಳೆದು ಹಿಂದಿರುಗಿಸಬೇಕಾದ ಪಾತ್ರೆಗಳನ್ನು ನೋಡಿದರೆ ಸಾಕಾಗಿತ್ತು.

ಅಜ್ಜಿ ಐಡೋನಾ ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತಿದ್ದಳು. ತಿರುಗಿ ನೋಡದೆ ಹೇಳಿದಳು:

"ಬೂಟು ಅಲ್ಲೇ ಬಿಡು. ಟರ್ಕಿ ಕೋಳಿ ಗೊಬ್ಬರ ತಂದು ಒಳಗೆ ಸುರೀಬೇಡ."

"ನಾನು ಕಾಲೇಜಿಂದ ಬರ್ತಿದ್ದೀನಿ ಅಜ್ಜಿ. ಗೊಬ್ಬರ ಎಲ್ಲಿಂದ ಬರುತ್ತೆ?"

"ಕಾಲೇಜಲ್ಲಿ ಅದನ್ನೇ ತಾನೇ ತಲೆಗೆ ತುಂಬೋದು." ಅವಳು ಒದ್ದೆ ಕೈಯನ್ನು ಅವನ ಕೆನ್ನೆಗೆ ಒತ್ತಿದಳು. "ಹೋಗು, ನಿಮ್ಮಮ್ಮನ್ನ ನೋಡು. ಮುಖ ಒಂದು ಥರಾ ಮಾಡ್ಕೋಬೇಡ. ಅವಳಿಗೆ ಗೊತ್ತಾಗುತ್ತೆ."

ಅಡುಗೆಮನೆಗೆ ಅಂಟಿಕೊಂಡಿದ್ದ ಹೊಲಿಗೆ ಕೋಣೆಯಲ್ಲಿ ಈಗ ಆಸ್ಪತ್ರೆಯ ಮಂಚ ಇತ್ತು. ಹೊಲಿಗೆ ಯಂತ್ರವನ್ನು ಗೋಡೆಗೆ ತಳ್ಳಿ, ಅದರ ಮೇಲೆ ಔಷಧಿಗಳನ್ನು ಇಟ್ಟಿದ್ದರು. ಹಿಂದಿನ ವರಾಂಡಾವನ್ನು ಹಲಗೆಯಿಂದ ಮುಚ್ಚಿ ಆ ಕೋಣೆಯನ್ನು ಮಾಡಿದ್ದು ಅಪ್ಪ ಗಾರ್ತ್. ಬಾಗಿಲೂ ಅವನದೇ ಕೆಲಸ. ಅಮ್ಮ ಮಾರ್ಲಾ ದಿಂಬಿಗೆ ಒರಗಿದ್ದಳು. ನವೆಂಬರಿನ ಹಬ್ಬದ ರಜೆಗೆ ಕೋಲ್ಬಿ ಬಂದಾಗ ಇದ್ದ ಹೆಂಗಸಿನ ಮುಕ್ಕಾಲು ಭಾಗ ಮಾತ್ರ ಅಲ್ಲಿತ್ತು. ಚರ್ಮ ಹಳದಿಯಾಗಿತ್ತು.

"ಏನು ತಿಂತಿದ್ದೀಯೋ ಅಲ್ಲಿ? ಕಡ್ಡಿ ಆಗಿದ್ದೀಯ," ಎಂದಳು ಅವಳು. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ನಕ್ಕಳು.

ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್. ಅಕ್ಟೋಬರಿನಲ್ಲಿ ತಿಳಿದಿತ್ತು. ಕ್ರಿಸ್‌ಮಸ್ ದಾಟಿದರೆ ಅದೇ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ಮನೆಯವರಿಗೆಲ್ಲ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ಒಬ್ಬನೇ, ಕೋಲ್ಬಿಯ ತಮ್ಮ ಹೈರಮ್. ಅವನು ಪೆರು ದೇಶದಲ್ಲಿ, ಮನೆಮನೆಗೆ ಹೋಗಿ ಧರ್ಮ ಸಾರುವ ಎರಡು ವರ್ಷದ ಮಿಷನ್ ಸೇವೆಯಲ್ಲಿದ್ದ. ಏಪ್ರಿಲ್ ಮಧ್ಯಕ್ಕೆ ಮುಗಿಸಿ ಬರುವವನಿದ್ದ.

ಅವನಿಗೆ ಹೇಳಬಾರದೆಂದು ತೀರ್ಮಾನವಾದದ್ದು ಅಕ್ಟೋಬರಿನಲ್ಲೇ. ಅಂದು ಗಾರ್ತ್ ಪಕ್ಕದ ಮನೆಯ ಬ್ರದರ್ ನೈಲಂಡ್‌ನನ್ನು ಕರೆಸಿದ್ದ. ನೈಲಂಡ್ ಮಾರ್ಲಾಳ ನೆತ್ತಿಗೆ ಪವಿತ್ರ ಎಣ್ಣೆಯ ಹನಿ ಇಟ್ಟ. ಇಬ್ಬರೂ ಅವಳ ತಲೆಯ ಮೇಲೆ ಕೈಯಿಟ್ಟರು. ಆಶೀರ್ವಾದ ಹೇಳುತ್ತಿದ್ದಾಗ ಗಾರ್ತ್‌ನ ಬಾಯಿಂದ ಒಂದು ಮಾತು ಬಂತು: ಹೈರಮ್ ವಿಮಾನ ಇಳಿಯುವ ದಿನ ಅವನನ್ನು ಅಪ್ಪಿಕೊಳ್ಳಲು ನೀನು ನಿನ್ನ ಕಾಲ ಮೇಲೆ ನಿಂತಿರುತ್ತೀಯ. ಆ ಮಾತು ತನ್ನದಲ್ಲ ಎಂದು ಗಾರ್ತ್ ನಂಬಿದ. ಮೇಲಿನಿಂದ ಬಂದ ಮಾತಾದ ಮೇಲೆ ಹೈರಮ್‌ಗೆ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಹೇಳಿದರೆ ಆಶೀರ್ವಾದವನ್ನು ಅನುಮಾನಿಸಿದ ಹಾಗೆ. ಬಿಷಪ್ ಬಂದು, "ಗಾರ್ತ್, ಹುಡುಗನಿಗೆ ತಿಳಿಸಿದರೆ ತಪ್ಪೇನಿಲ್ಲಪ್ಪ, ದಿನಾ ಬೇಕಾದ್ರೂ ಅಮ್ಮನ ಜೊತೆ ಮಾತಾಡಬಹುದು," ಎಂದಾಗ ಗಾರ್ತ್ ಅವನನ್ನೇ ಕೇಳಿದ: "ನಿಮಗೆ ನಂಬಿಕೆ ಇಲ್ವಾ, ಬಿಷಪ್?" ಬಿಷಪ್ ಎದ್ದು ಹೊರಟ. ಮುಂದಿನ ಭಾನುವಾರ ಗಾರ್ತ್ ಚರ್ಚಿನಲ್ಲಿ ಎದ್ದುನಿಂತು, ಯಾರೂ ಎಲ್ಡರ್ ಥೂಸನ್‌ಗೆ ಈ ವಿಷಯ ಬರೆಯಬಾರದೆಂದು ಬೇಡಿಕೊಂಡ. ಮನೆಯಲ್ಲಿ ಹೈರಮ್ ಆಗಿದ್ದವನು ಮಿಷನ್ನಿನಲ್ಲಿ ಎಲ್ಡರ್ ಥೂಸನ್. ಊರು ಮಾತು ಉಳಿಸಿಕೊಂಡಿತ್ತು.

ಅಂದು ಕೋಲ್ಬಿಯನ್ನು ಕರೆದಿರಲಿಲ್ಲ. ಎಣ್ಣೆ ಹಚ್ಚಲು ಬೇಕಾದ ಅಧಿಕಾರ ಅವನಿಗೂ ಇತ್ತು. ಆದರೆ ಅವನು ಹತ್ತೊಂಬತ್ತಕ್ಕೆ ಓಹಾಯೋಗೆ ಮಿಷನ್ ಹೋಗಿ ಐದೇ ತಿಂಗಳಿಗೆ ಹಿಂದಿರುಗಿದವನು. ಅಪರಿಚಿತರ ಬಾಗಿಲು ತಟ್ಟುವ ಮೊದಲು ಅವನಿಗೆ ಉಸಿರು ಸಿಗುತ್ತಿರಲಿಲ್ಲ. ಒಂದು ದಿನ ಮೆಟ್ಟಿಲ ಮೇಲೆಯೇ ಕುಸಿದ. ಅವನು ಬಂದ ದಿನ ವಿಮಾನ ನಿಲ್ದಾಣಕ್ಕೆ ಹೋಗಿದ್ದವಳು ಅಮ್ಮ ಒಬ್ಬಳೇ. ಆಮೇಲೆ ಎರಡು ವರ್ಷಗಳಲ್ಲಿ ಅಪ್ಪ ಆ ವಿಷಯ ಎತ್ತಿದ್ದಿಲ್ಲ. ಬೇರೆ ವಿಷಯಗಳನ್ನೂ ಅಷ್ಟಾಗಿ ಎತ್ತಿದ್ದಿಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹೈರಮ್ ಕರೆ ಮಾಡುತ್ತಿದ್ದ. ವಾರದಲ್ಲಿ ಅದೊಂದೇ ದಿನ ಮಿಷನ್ನಿನವರಿಗೆ ಬಿಡುವು. ಎಂಟಕ್ಕೇ ತಂಗಿ ಕಾಮ್ರಿ ತನ್ನ ಬಣ್ಣದ ಡಬ್ಬಿ ತಂದು ಅಮ್ಮನ ಮಂಚದ ಮೇಲೆ ಕೂತಳು.

"ಈ ಕಡೆ ತಿರುಗು. ಅಲ್ಲಾಡಬೇಡ."

"ಮದುಮಗಳ ಹಾಗೆ ಬಳೀತಿದ್ದೀಯಲ್ಲೇ."

"ಹಳದಿ ಮುಚ್ಚಬೇಕಲ್ಲಮ್ಮ, ಮತ್ತಿನ್ನೇನು ಮಾಡ್ಲಿ?" ಹದಿನಾರರ ಹುಡುಗಿ ಅದನ್ನು ತರಕಾರಿ ಹೆಚ್ಚುವವಳಂತೆ ಮಾಡುತ್ತಿದ್ದಳು. ಕೆನ್ನೆಗೆ ಕೆಂಪು, ತುಟಿಗೆ ಬಣ್ಣ, ತಲೆಗೆ ಸ್ಕಾರ್ಫ್. ಕೊನೆಗೆ ಗಾರ್ತ್ ಬಂದು ಹೆಂಡತಿಯನ್ನು ಎತ್ತಿಕೊಂಡು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಬೆನ್ನ ಹಿಂದೆ ಎರಡು ದಿಂಬು ಇಟ್ಟ. ಲ್ಯಾಪ್‌ಟಾಪಿನ ಕ್ಯಾಮೆರಾದಲ್ಲಿ ದಿಂಬು ಕಾಣದಂತೆ ಸರಿಪಡಿಸಿದ.

ಕೋಲ್ಬಿ ಇದನ್ನೆಲ್ಲ ನೋಡುತ್ತ ಒಲೆಯ ಬಳಿ ನಿಂತಿದ್ದ. ಕರೆ ಮುಗಿದ ಮೇಲೆ ಅಪ್ಪ ಅಮ್ಮನನ್ನು ಮಂಚಕ್ಕೆ ಸಾಗಿಸಿದಾಗ ಅವನು ಕೇಳಿದ:

"ಎಷ್ಟು ದಿನ ಹೀಗೆ?"

"ಏಪ್ರಿಲ್‌ವರೆಗೆ," ಎಂದ ಗಾರ್ತ್.

"ಅಪ್ಪಾ, ಅವಳು ಏಪ್ರಿಲ್—"

"ಬಾಯಿ ಮುಚ್ಚು. ಅವಳಿಗೆ ಕೇಳಿಸುತ್ತೆ."

"ಅವನಿಗೆ ಗೊತ್ತಾಗಬೇಕಲ್ವಾ? ಬರೋದೋ ಬಿಡೋದೋ ಅವನೇ ತೀರ್ಮಾನ ಮಾಡ್ಲಿ."

ಗಾರ್ತ್ ಕೈಗವಸು ಹಾಕಿಕೊಳ್ಳುತ್ತ, ಸಿಟ್ಟಿಲ್ಲದೆ, ಹವಾಮಾನ ಹೇಳುವವನಂತೆ ಹೇಳಿದ: "ನೀನು ಬಂದುಬಿಟ್ಟೆ. ಅದಕ್ಕೇ ನಿನಗೆ ಎಲ್ರೂ ಬಂದುಬಿಡಬೇಕು ಅನ್ಸುತ್ತೆ."

ಅಲ್ಲಿಗೆ ಮಾತು ಮುಗಿಯಿತು. ಪ್ರತಿ ಸಲವೂ ಅಲ್ಲಿಗೇ ಮುಗಿಯುತ್ತಿತ್ತು.

ರಜೆಯ ಕೆಲಸ ಎಂದರೆ ಟರ್ಕಿ ಕೋಳಿಗಳ ಶೆಡ್ಡು. ಬೆಳಿಗ್ಗೆ ಬಕೆಟ್ಟು ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ಸತ್ತ ಕೋಳಿಗಳನ್ನು ಹೆಕ್ಕಿ ಹೊರಗೆ ಹಾಕಬೇಕು. ಗಡಿಯಾರದಷ್ಟು ಖಚಿತವಾಗಿ ದಿನವೂ ಒಂದಷ್ಟು ಸಾಯುತ್ತಿದ್ದವು. ಜೋರಾಗಿ ಸದ್ದು ಮಾಡಿದರೆ ಎಲ್ಲವೂ ಒಂದೇ ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತಿದ್ದವು. ಹಾಗಾಗಿ ತಂದೆಮಗ ಶೆಡ್ಡಿನಲ್ಲಿ ಮೆಲ್ಲಗೆ ನಡೆಯುತ್ತಿದ್ದರು, ಮಾತಾಡುತ್ತಿರಲಿಲ್ಲ. ಮಾತಾಡದಿರಲು ಅಲ್ಲಿ ಒಳ್ಳೆಯ ಕಾರಣ ಇತ್ತು.

ಮಧ್ಯಾಹ್ನ ಬ್ರದರ್ ನೈಲಂಡ್‌ನ ಹೆಂಡತಿ, ಚರ್ಚಿನವರ ಬಾಯಲ್ಲಿ ಸಿಸ್ಟರ್ ನೈಲಂಡ್, ಬಿಸಿ ಪಾತ್ರೆ ಹಿಡಿದು ಬರುತ್ತಿದ್ದಳು. ಅವಳ ಮಗಳು ತೇಯಾ ಫಿನ್ಲೆಂಡಿನಲ್ಲಿ ಮಿಷನ್ನಿನಲ್ಲಿದ್ದಳು. ಒಂದು ಕಾಲದಲ್ಲಿ ತೇಯಾ ಕೋಲ್ಬಿಯನ್ನು ಮದುವೆಯಾಗುವವಳು ಎಂದು ಎರಡೂ ಮನೆಯವರು ಅಂದುಕೊಂಡಿದ್ದರು.

"ತೇಯಾ ಕಾಗದ ಬಂತೇನಪ್ಪ ನಿನಗೆ?"

"ಬಂತು."

ಬರುತ್ತಿತ್ತು. ಪ್ರತಿ ವಾರ, ಅರವತ್ತು ಜನರಿಗೆ ಒಟ್ಟಿಗೆ ಕಳಿಸುವ ಇಮೇಲಿನಲ್ಲಿ ಅವನ ವಿಳಾಸವೂ ಇತ್ತು. ಹಿಮ, ಮೀನು, ದೇವರ ಕೃಪೆ.

"ಅವಳಿಗೆ ನಾನೂ ಬರೆದಿಲ್ಲ ಮಾರ್ಲಾ ವಿಷಯ," ಎಂದಳು ಸಿಸ್ಟರ್ ನೈಲಂಡ್. "ಅವಳು ಹೈರಮ್‌ಗೆ ಬರೆದುಬಿಟ್ರೆ ಕಷ್ಟ." ಆ ಮಾತಿನಲ್ಲಿ ಅವಳಿಗೆ ಒಂದು ತೃಪ್ತಿಯಿತ್ತು.

ಆ ವರ್ಷ ಕ್ರಿಸ್‌ಮಸ್ ಭಾನುವಾರ ಬಂತು. ಮಾರನೆಯ ದಿನ ಸೋಮವಾರ. ಅಮ್ಮ ಕುರ್ಚಿಯಲ್ಲಿ ಆರು ನಿಮಿಷ ಕೂತಳು.

"ಅಮ್ಮಾ, ಯಾಕೆ ಇಷ್ಟು ಸಣ್ಣ ಆಗಿದ್ದೀಯ?" ಎಂದ ಹೈರಮ್. ಬಿಳಿ ಅಂಗಿ, ಟೈ, ಬಿಸಿಲಿಗೆ ಸುಟ್ಟ ಮೂಗು. ಹಿಂದೆ ಅವನ ಜೊತೆಗಾರ ಎಲ್ಡರ್ ಕಿಸ್ಪೆ ಅಂಗಿ ಇಸ್ತ್ರಿ ಮಾಡುತ್ತಿದ್ದ.

"ನೀನು ಬರೋ ದಿನ ಆ ನೀಲಿ ಬಟ್ಟೆ ಹಾಕ್ಕೋಬೇಕಲ್ಲ. ಅದಕ್ಕೆ ಉಪವಾಸ."

"ಸಾಕು ಬಿಡು, ಇನ್ನೂ ಇಳಿದ್ರೆ ನಿನ್ನ ಗುರುತೇ ಸಿಗಲ್ಲ ನನಗೆ." ಅವನು ನಕ್ಕ. ಆಮೇಲೆ ಒಂದು ಕತೆ ಹೇಳಿದ. ಬೆಟ್ಟದ ಮೇಲಿನ ಒಂದು ಮನೆಯಲ್ಲಿ ಕಾಯಿಲೆ ಬಿದ್ದ ಹೆಂಗಸಿಗೆ ಅವರಿಬ್ಬರೂ ಎಣ್ಣೆ ಹಚ್ಚಿ ಆಶೀರ್ವಾದ ಹೇಳಿದರಂತೆ. ಮೂರನೇ ದಿನಕ್ಕೆ ಅವಳೇ ಎದ್ದು ಅವರಿಗೆ ಸೂಪು ಬಡಿಸಿದಳಂತೆ.

"ಕೇಳಿದ್ಯಾ?" ಗಾರ್ತ್ ಹೆಂಡತಿಯ ಭುಜ ಒತ್ತಿದ. "ಕೇಳಿದ್ಯಾ ಮಾರ್ಲಾ?"

"ಕೇಳಿದೆ," ಎಂದಳು ಅವಳು.

ಆ ಸಂಜೆ ಉಳಿದವರು ಊಟಕ್ಕೆ ಕೂತಿದ್ದಾಗ ಕೋಲ್ಬಿ ಅಮ್ಮನಿಗೆ ಬಾಟಲಿಯಲ್ಲಿ ಕೂಡಿಟ್ಟ ಪೀಚ್ ಹಣ್ಣಿನ ರಸವನ್ನು ಚಮಚದಲ್ಲಿ ಕುಡಿಸುತ್ತಿದ್ದ. ಎರಡು ಚಮಚ ಒಳಗೆ ಹೋಯಿತು. ಮೂರನೆಯದಕ್ಕೆ ಅವಳು ಬಾಯಿ ಮುಚ್ಚಿದಳು.

"ಬಾಗಿಲು ಹಾಕು," ಎಂದಳು ಮೆಲ್ಲಗೆ. ಅವನು ಹಾಕಿ ಬಂದ. "ಮುಂದಿನ ಸೋಮವಾರ ನಾನೇ ಅವನಿಗೆ ಹೇಳ್ತೀನಿ."

"ಅಪ್ಪ?"

"ನಿಮ್ಮಪ್ಪನಿಗೆ ಆಶೀರ್ವಾದ ಇದೆ. ನನಗೆ ಹೊಟ್ಟೆ ಇದೆ. ಏನಾಗ್ತಿದೆ ಅಂತ ನನಗೆ ಗೊತ್ತಾಗಲ್ವೇನೋ?" ಉಸಿರು ತೆಗೆದುಕೊಳ್ಳಲು ಮಾತು ನಿಲ್ಲಿಸಿದಳು. "ಕುರ್ಚಿವರೆಗೆ ಬರೋಕೆ ಇನ್ನಾಗಲ್ಲ. ಲ್ಯಾಪ್‌ಟಾಪನ್ನ ಇಲ್ಲಿಗೇ ತಾ. ಬಣ್ಣ ಗಿಣ್ಣ ಬೇಡ."

"ನಾನು ಈಗ್ಲೇ ಅವನಿಗೆ ಬರೆದುಬಿಡ್ಲಾ?"

"ಕಾಗದದಲ್ಲಿ ಬೇಡ. ಪಾಪ, ಒಬ್ಬನೇ ಓದ್ಕೋಬೇಕು ಅದನ್ನ. ಮುಖ ನೋಡಿ ಹೇಳ್ತೀನಿ. ತರ್ತೀಯ ತಾನೇ?"

"ತರ್ತೀನಿ."

"ಮಾತು?"

"ಮಾತು, ಅಮ್ಮ."

ಆ ವಾರದಲ್ಲಿ ಅವಳು ಬೇಗ ಕುಗ್ಗಿದಳು. ನರ್ಸ್ ಔಷಧಿ ಹೆಚ್ಚಿಸಿದಳು. ಮಂಪರಿನಲ್ಲಿ ಅವಳು ಹೊಲಿಗೆಯ ಬಗ್ಗೆ ಮಾತಾಡುತ್ತಿದ್ದಳು, ಎಂದೋ ಸತ್ತ ತನ್ನ ನಾಯಿಯನ್ನು ಕರೆಯುತ್ತಿದ್ದಳು. ಆದರೆ ಬೆಳಗಿನ ಹೊತ್ತು ಒಂದೆರಡು ಗಂಟೆ ತಿಳಿಯಾಗಿರುತ್ತಿದ್ದಳು. ಆಗ ಕೇಳುತ್ತಿದ್ದಳು: "ಇವತ್ತು ಯಾವ ವಾರ?" ಅಜ್ಜಿ ಹೇಳುತ್ತಿದ್ದಳು. ಮತ್ತೆ ಅರ್ಧ ಗಂಟೆಗೆ ಅದೇ ಪ್ರಶ್ನೆ.

"ವಾರ ಯಾಕೆ ಕೇಳ್ತಾಳೋ," ಎಂದಳು ಅಜ್ಜಿ, ಆಲೂಗಡ್ಡೆ ಹೆಚ್ಚುತ್ತ.

ಕೋಲ್ಬಿ ಒಲೆಗೆ ಕಟ್ಟಿಗೆ ಹಾಕಿದ.

ಭಾನುವಾರ ರಾತ್ರಿಯ ಚಳಿಗೆ ಶೆಡ್ಡಿನ ಒಂದು ಹೀಟರ್ ಕೆಟ್ಟಿತು. ಸೋಮವಾರ ಬೆಳಿಗ್ಗೆ ತಂದೆಮಗ ಹೋಗಿ ನೋಡಿದಾಗ ಉತ್ತರದ ಮೂಲೆಯಲ್ಲಿ ಕೋಳಿಗಳು ಗೋಪುರವಾಗಿ ಬಿದ್ದಿದ್ದವು. ಮೇಲಿನವು ಜೀವಂತ, ಕೆಳಗಿನವು ಇಲ್ಲ. ಇಬ್ಬರೂ ಮಂಡಿಯೂರಿ ಒಂದೊಂದನ್ನೇ ಬಿಡಿಸತೊಡಗಿದರು.

"ನಿಮ್ಮಮ್ಮ ನಿನ್ನ ಹತ್ರ ಏನಾದ್ರೂ ಹೇಳಿದ್ಲಾ?" ಎಂದ ಗಾರ್ತ್.

"ಏನು?"

"ಹೈರಮ್‌ಗೆ ಹೇಳಿಬಿಡ್ತೀನಿ ಅಂತ. ಮೊನ್ನೆ ನನ್ನ ಹತ್ರ ಅಂದ್ಲು. ಅದು ಔಷಧಿ ಮಾತು. ಅವಳ ಮಾತಲ್ಲ."

ಕೋಲ್ಬಿ ಒಂದು ಕೋಳಿಯನ್ನು ಎತ್ತಿ ಬಕೆಟ್ಟಿಗೆ ಹಾಕಿದ.

"ನಾನು ಇದನ್ನ ಬಿಟ್ಟು ಬರೋಕಾಗಲ್ಲ. ಹೀಟರ್ ಹಚ್ಚದಿದ್ರೆ ಎಲ್ಲವೂ ಸಾಯ್ತವೆ. ಕಾಮ್ರಿ ಅಜ್ಜಿನ ಕರ್ಕೊಂಡು ಔಷಧಿ ತರೋಕೆ ಪೇಟೆಗೆ ಹೋಗ್ತಾಳೆ. ಒಂಬತ್ತಕ್ಕೆ ನೀನೊಬ್ನೇ ಇರ್ತೀಯ." ಗಾರ್ತ್ ಕೈಗವಸು ಕಳಚಿ ಮುಖ ಒರೆಸಿಕೊಂಡ. ಅವನ ಕಣ್ಣುಗಳು ಕೆಂಪಾಗಿದ್ದವು. ಅವನು ನಿದ್ದೆ ಮಾಡಿ ಎಷ್ಟು ದಿನವಾಗಿತ್ತೋ. "ಕೋಲ್ಬಿ, ನಾನು ಇವತ್ತಿನ ತನಕ ನಿನ್ನ ಏನೂ ಕೇಳಿಲ್ಲ. ನೀನು ವಾಪಸ್ ಬಂದಾಗಲೂ ಯಾಕೆ ಅಂತ ಕೇಳ್ಲಿಲ್ಲ. ಇದೊಂದು ಕೇಳ್ತೀನಿ. ಮೂರೂವರೆ ತಿಂಗಳು. ಅವನು ಅಲ್ಲಿ ನಿಂತಿರೋ ತನಕ ದೇವರು ಇವಳನ್ನ ಇಲ್ಲಿ ನಿಲ್ಲಿಸ್ತಾನೆ. ನೀನು ಅದನ್ನ ಮುರೀಬೇಡ ಕಣೋ."

ಎರಡು ವರ್ಷಗಳಲ್ಲಿ ಅಪ್ಪ ಅವನೊಡನೆ ಆಡಿದ ಅತಿ ಉದ್ದದ ಮಾತು ಅದು.

"ಆಯ್ತು," ಎಂದ ಕೋಲ್ಬಿ.

ಒಂಬತ್ತಕ್ಕೆ ಐದು ನಿಮಿಷ ಇದ್ದಾಗ ಅವನು ಅಡುಗೆಮನೆಯಲ್ಲಿ ಕೈ ತೊಳೆದ. ಹೊಲಿಗೆ ಕೋಣೆಯ ಬಾಗಿಲು ತೆರೆದಿತ್ತು. ಅಮ್ಮ ಎಚ್ಚರವಾಗಿದ್ದಳು. ಸ್ಕಾರ್ಫ್ ತೆಗೆದು, ಇದ್ದ ನಾಲ್ಕು ಕೂದಲನ್ನು ಬಾಚಿಸಿಕೊಂಡಿದ್ದಳು. ಅವನನ್ನು ನೋಡಿ ಮಂಚದ ಅಂಚಿನಲ್ಲಿ ಲ್ಯಾಪ್‌ಟಾಪಿಗೆ ಜಾಗ ಮಾಡಲು ಹೊದಿಕೆಯನ್ನು ಸರಿಸಿದಳು.

"ತಡಿ, ಮೊದಲು ಲೈನ್ ಸಿಗ್ಲಿ," ಎಂದ ಅವನು.

ಅಡುಗೆಮನೆಯ ಮೇಜಿನ ಮೇಲೆ ಪರದೆ ಬೆಳಗಿತು.

"ಏನೋ ಪಂಡಿತ!" ಹೈರಮ್‌ನ ದನಿ ಮನೆಯೆಲ್ಲ ತುಂಬಿತು. "ಒಬ್ನೇ ಇದ್ದೀಯ? ನಿನ್ನ ಮುಖ ನೋಡೋಕೆ ನಾನು ವಾರವೆಲ್ಲ ಕಾಯ್ಬೇಕಿತ್ತಾ?"

"ಟರ್ಕಿ ಮುಖ ನೋಡಿ ಬಂದೆ ಈಗ ತಾನೇ. ಅದಕ್ಕಿಂತ ಪರವಾಗಿಲ್ಲ ನಿಂದು."

"ಅಪ್ಪ?"

"ಹೀಟರ್ ಕೆಟ್ಟಿದೆ."

"ಅಮ್ಮ ಎಲ್ಲಿ?"

ಹತ್ತು ಹೆಜ್ಜೆ. ಮೇಜಿನಿಂದ ಮಂಚಕ್ಕೆ ಹತ್ತೇ ಹೆಜ್ಜೆ. ಕೋಲ್ಬಿಯ ಎರಡೂ ಕೈ ಲ್ಯಾಪ್‌ಟಾಪಿನ ಅಂಚಿನ ಮೇಲಿದ್ದವು. ಎತ್ತಿದರೆ ಸಾಕಿತ್ತು.

"ಚರ್ಚಿಗೆ ಹೋದ್ಲು," ಎಂದ. "ಕೌದಿ ಹೊಲಿಯೋಕೆ. ಆಲ್ರೆಡ್ ಮನೆ ಹುಡುಗಿಗೆ ಮಗು ಆಯ್ತಲ್ಲ."

"ಸೋಮವಾರ ಹೋದ್ಲಾ? ನನ್ನ ಕರೆ ಬಿಟ್ಟು?"

"ಕೋಲ್ಬಿ..." ಒಳಗಿನಿಂದ ಅಮ್ಮ ಕರೆದಳು. "ಕೋಲ್ಬೀ. ಇಲ್ಲಿ ತಾ."

ಅವನು ಎದ್ದ. ಅವಳ ಮುಖ ನೋಡದಂತೆ ಬದಿಯಲ್ಲಿ ನಿಂತು ಬಾಗಿಲನ್ನು ಎಳೆದುಕೊಂಡ. ಚಳಿಗೆ ಚೌಕಟ್ಟು ಬಿಗಿದಿತ್ತು. ಜೋರಾಗಿ ಎಳೆಯಬೇಕಾಯಿತು.

"ಏನದು?" ಎಂದ ಹೈರಮ್.

"ಗಾಳಿ. ಹಿಂಬಾಗಿಲು ಬಡ್ಕೊಳ್ತು."

"ಅಮ್ಮ ಹುಷಾರಾಗಿದ್ದಾಳೆ ತಾನೇ? ಹೋದ ವಾರ ನೋಡಿದಾಗಿಂದ ನನಗೆ ಒಂಥರಾ ಆಗಿದೆ. ಕಿಸ್ಪೆ ಹತ್ರ ಕೂಡ ಹೇಳಿದೆ."

"ಅವಳಿಗೇನಾಗಿದೆ? ಕುದುರೆ ಹಾಗಿದ್ದಾಳೆ. ನಿನ್ನೆ ಪಾತ್ರೆ ತೊಳೀಲಿಲ್ಲ ಅಂತ ನನ್ನ ಕಿವಿ ಹಿಂಡಿದ್ಲು. ಬಾಯಿ ಮೊದಲಿಗಿಂತ ಜಾಸ್ತಿ ಆಗಿದೆ."

ಹೈರಮ್ ನಕ್ಕ. ಆ ನಗುವಿನಲ್ಲಿ ಅವನ ಭುಜಗಳು ಇಳಿದವು. "ಏನಾದ್ರೂ ಇದ್ರೆ ನೀನು ಹೇಳ್ತೀಯಲ್ವಾ? ಅಪ್ಪ ಹೇಳಲ್ಲ, ನನಗೆ ಗೊತ್ತು. ನೀನು ಹೇಳ್ತೀಯ."

"ಹೇಳ್ತೀನಿ."

ಇನ್ನೂ ಇಪ್ಪತ್ತು ನಿಮಿಷ ಮಾತಾಡಿದರು. ಹಿಮದ ಬಗ್ಗೆ, ಕಾಮ್ರಿಗೆ ಇನ್ನೂ ಸರಿಯಾಗಿ ಕಾರು ಓಡಿಸಲು ಬರದಿರುವ ಬಗ್ಗೆ. ಕರೆ ಮುಗಿದ ಮೇಲೆ ಕೋಲ್ಬಿ ಒಂದು ಲೋಟ ನೀರು ಕುಡಿದ. ಮತ್ತೊಂದು ಲೋಟ ಕುಡಿದ. ಆಮೇಲೆ ಬಾಗಿಲು ತೆಗೆದ.

ಅಮ್ಮನ ಕೈ ಹೊದಿಕೆ ಸರಿಸಿದ ಜಾಗದಲ್ಲೇ ಇತ್ತು.

"ಚೆನ್ನಾಗಿದ್ದಾನಾ?" ಎಂದಳು.

"ಚೆನ್ನಾಗಿದ್ದಾನೆ. ಅಮ್ಮ, ಲೈನ್ ಸರಿಯಿರಲಿಲ್ಲ. ಬೇಗ ಕಟ್ ಆಯ್ತು. ಮುಂದಿನ ಸೋಮವಾರ ಖಂಡಿತ..."

ಅವಳು ಅವನನ್ನು ಒಂದು ಗಳಿಗೆ ನೋಡಿದಳು.

"ಆಗ್ಲಿ," ಎಂದಳು. "ನೀನು ಏನಾದ್ರೂ ತಿಂದ್ಯಾ?"

ಸಂಜೆ ಗಾರ್ತ್ ಬಂದ. ಏನೂ ಕೇಳಲಿಲ್ಲ. ಮಗನ ಮುಖ ನೋಡಿ ತಿಳಿದುಕೊಂಡ. ಅವನ ಹೆಗಲ ಮೇಲೆ ಕೈಯಿಟ್ಟು, ತನ್ನ ಕೀಲಿಗೊಂಚಲಿನಲ್ಲಿದ್ದ ಬೆರಳುಗಾತ್ರದ ಪವಿತ್ರ ಎಣ್ಣೆ ಡಬ್ಬಿಯನ್ನು ಬಿಚ್ಚಿ ಅವನ ಅಂಗೈಗೆ ಹಾಕಿದ.

"ನೈಲಂಡ್‌ನ ಕರೆಯೋದು ಬೇಡ. ಎಣ್ಣೆ ನೀನೇ ಹಚ್ಚು. ನಿನ್ನ ಹತ್ರಾನೇ ಇಟ್ಕೋ ಅದನ್ನ."

ಎರಡು ವರ್ಷ ಕೋಲ್ಬಿ ಇದಕ್ಕೇ ಕಾದಿದ್ದ. ಅಪ್ಪನ ಪಕ್ಕದಲ್ಲಿ ನಿಂತು ಅಮ್ಮನ ನೆತ್ತಿಗೆ ಒಂದು ಹನಿ ಇಟ್ಟ. ಅವಳ ತಲೆಬುರುಡೆ ಮೊಟ್ಟೆಯ ಚಿಪ್ಪಿನಷ್ಟು ತೆಳ್ಳಗಿದೆ ಎನಿಸಿತು.

"ಸಾಕು ಗಾರ್ತ್," ಎಂದಳು ಮಾರ್ಲಾ. ಗಾರ್ತ್ ಕಣ್ಣು ಮುಚ್ಚಿ ಪ್ರಾರ್ಥಿಸತೊಡಗಿದ್ದ.

ಅವಳು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಸತ್ತಳು. ಪಕ್ಕದಲ್ಲಿದ್ದವಳು ಅಜ್ಜಿ. ತಂದೆಮಗ ಶೆಡ್ಡಿನಲ್ಲಿದ್ದರು. ಅಜ್ಜಿ ಹಿಮದಲ್ಲಿ ಮನೆಚಪ್ಪಲಿಯಲ್ಲೇ ಶೆಡ್ಡಿನ ತನಕ ನಡೆದು ಬಂದು, ಬಾಗಿಲಲ್ಲಿ ನಿಂತು, ಕೋಳಿಗಳು ಬೆದರದಂತೆ ಮೆಲ್ಲಗೆ ಹೇಳಿದಳು: "ಗಾರ್ತ್, ಬಾರಪ್ಪ. ಹೋದ್ಲು."

"ಇಲ್ಲ," ಎಂದ ಗಾರ್ತ್. ಕೈಯಲ್ಲಿದ್ದ ಬಕೆಟ್ಟನ್ನು ಕೆಳಗಿಡಲಿಲ್ಲ. "ಇಲ್ಲಮ್ಮ. ಏಪ್ರಿಲ್."

"ಬಾ," ಎಂದಳು ಅವನ ತಾಯಿ.

ಚರ್ಚಿನ ಹೆಂಗಸರು ಬಂದು ಮಾರ್ಲಾಳಿಗೆ ತಮ್ಮ ದೇವಾಲಯದಲ್ಲಿ ಉಡುವ ಬಿಳಿ ಬಟ್ಟೆ ಉಡಿಸಿದರು. ಸಿಸ್ಟರ್ ನೈಲಂಡ್ ಆಲೂಗಡ್ಡೆ ಚೀಸಿನ ದೊಡ್ಡ ಟ್ರೇ ತಂದಳು. ಹೈರಮ್‌ಗೆ ಗಾರ್ತ್ ತಾನೇ ಕರೆ ಮಾಡಿದ. ಟ್ರಕ್ಕಿನಲ್ಲಿ ಕೂತು, ಗಾಜು ಏರಿಸಿಕೊಂಡು. ಒಂದು ಗಂಟೆಯ ಮೇಲೆ ಹೊರಗೆ ಬಂದು, "ಅವನು ಬರಲ್ಲ. ಮುಗಿಸಿ ಬರ್ತಾನೆ," ಎಂದ. ಶನಿವಾರ ಶವಸಂಸ್ಕಾರದಲ್ಲಿ ಅದನ್ನೇ ಎಲ್ಲರ ಮುಂದೆ ಹೇಳಿದ. ಜನ ಕಣ್ಣೊರೆಸಿಕೊಂಡು ತಲೆಯಾಡಿಸಿದರು. ಆಶೀರ್ವಾದದ ಮಾತನ್ನು ಯಾರೂ ಎತ್ತಲಿಲ್ಲ. ನೆಲ ಹೆಪ್ಪುಗಟ್ಟಿತ್ತು. ಯಂತ್ರದಿಂದ ಅಗೆದಿದ್ದರು.

"ಅವಳು ಸಾಯೋ ಮುಂಚೆ ಏನಾದ್ರೂ ಹೇಳಿದ್ಲಾ?" ಕೋಲ್ಬಿ ಅಜ್ಜಿಯನ್ನು ಕೇಳಿದ್ದ.

"ವಾರ ಕೇಳಿದ್ಲು. ಬುಧವಾರ ಅಂದೆ."

ಸೋಮವಾರ ಒಂಬತ್ತಕ್ಕೆ ಹೈರಮ್ ಕರೆ ಮಾಡಿದ. ಎಲ್ಲರೂ ಮೇಜಿನ ಸುತ್ತ ಕೂತಿದ್ದರು. ಅವನು ಮೊದಲು ಅಜ್ಜಿಯೊಡನೆ ಮಾತಾಡಿದ, ಆಮೇಲೆ ಕಾಮ್ರಿಯೊಡನೆ. ಕಾಮ್ರಿ ಅಳತೊಡಗಿದಾಗ ಅವನು ಅಳಲಿಲ್ಲ. ಆಮೇಲೆ ಹೇಳಿದ:

"ಕೋಲ್ಬಿ ಹತ್ರ ಮಾತಾಡ್ಬೇಕು."

ಗಾರ್ತ್ ಏಳಲಿಲ್ಲ. ಕೋಲ್ಬಿ ಪರದೆಯ ಮುಂದೆ ಬಂದ.

"ಹೋದ ಸೋಮವಾರ ಅಮ್ಮ ಕೌದಿ ಹೊಲಿಯೋಕೆ ಹೋಗಿದ್ದಾಳೆ ಅಂದೆಯಲ್ಲ. ಎಲ್ಲಿದ್ಲು?"

"ಮಲಗಿದ್ಲು ಕಣಪ್ಪ," ಎಂದ ಗಾರ್ತ್. "ಔಷಧಿ ಕೊಟ್ಟಿದ್ರು. ಎಚ್ಚರ ಇರಲಿಲ್ಲ."

"ನಿಮ್ಮನ್ನ ಕೇಳ್ತಿಲ್ಲ ಅಪ್ಪಾ."

ಅವನ ಹಿಂದೆ ಎಲ್ಡರ್ ಕಿಸ್ಪೆ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿದ. ಕಿಸ್ಪೆಗೆ ಇವರ ಭಾಷೆ ಅಷ್ಟಾಗಿ ಬರುತ್ತಿರಲಿಲ್ಲ.

"ಹೊಲಿಗೆ ಕೋಣೇಲಿ," ಎಂದ ಕೋಲ್ಬಿ. "ಎಚ್ಚರ ಇದ್ಲು. ನಿನಗೆ ಹೇಳ್ಬೇಕು ಅಂತ ಕಾಯ್ತಿದ್ಲು. ಲ್ಯಾಪ್‌ಟಾಪ್ ತರ್ತೀನಿ ಅಂತ ನಾನು ಮಾತು ಕೊಟ್ಟಿದ್ದೆ."

"ಆ ಸದ್ದು?"

"ಬಾಗಿಲು. ನಾನು ಹಾಕ್ದೆ."

ಚಿತ್ರ ನಿಂತುಹೋಗಿದೆಯೇನೋ ಎಂದು ಕಾಮ್ರಿ ಬಗ್ಗಿ ನೋಡಿದಳು. ನಿಂತಿರಲಿಲ್ಲ. ಹೈರಮ್ ಕಣ್ಣು ಮಿಟುಕಿಸುತ್ತಿದ್ದ.

"ಯಾರೋ ಕರೆದ ಹಾಗಾಯ್ತು ನನಗೆ," ಎಂದ. "ಕಾಮ್ರಿ ಅಂದ್ಕೊಂಡೆ."

"ಹೈರಮ್..."

"ನಾವು ಬಟ್ಟೆ ಒಗೆಯೋಕೆ ಹೋಗ್ಬೇಕು. ಕಿಸ್ಪೆ ಕಾಯ್ತಿದ್ದಾನೆ." ಪರದೆ ಕಪ್ಪಾಯಿತು.

ಒಲೆಯಲ್ಲಿ ಕಟ್ಟಿಗೆ ಕುಸಿಯಿತು.

"ಯಾಕೋ ಹೇಳಿದೆ?" ಎಂದ ಗಾರ್ತ್. ಅವನ ದನಿಯಲ್ಲಿ ಕೂಗಾಡುವ ಶಕ್ತಿ ಇರಲಿಲ್ಲ. "ಅವನಿಗೆ ಇನ್ನೂ ಮೂರು ತಿಂಗಳಿದೆ ಅಲ್ಲಿ. ಇದನ್ನ ಹೊತ್ಕೊಂಡು ಹೆಂಗೆ ನಿಲ್ತಾನೆ?"

"ಅವನು ಕೇಳಿದ."

"ಮೊದಲೇ ಹೇಳ್ಬೇಕಿತ್ತು, ಇಲ್ಲ ಕೊನೇ ತನಕ ಹೇಳ್ಬಾರದಿತ್ತು. ನೀನು ಯಾವುದನ್ನೂ ಮುಗಿಸಲ್ಲ." ಅವನು ಕೈ ಚಾಚಿದ. ಯಾವುದಕ್ಕೆಂದು ಕೋಲ್ಬಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಜೇಬಿನಿಂದ ಕೀಲಿಗೊಂಚಲು ತೆಗೆದು, ಉಗುರಿನಿಂದ ಉಂಗುರ ಬಿಡಿಸಿ, ಎಣ್ಣೆ ಡಬ್ಬಿಯನ್ನು ಅಪ್ಪನ ಅಂಗೈಗೆ ಹಾಕಿದ. ಗಾರ್ತ್ ಬೂಟು ಮೆಟ್ಟಿ ಶೆಡ್ಡಿಗೆ ಹೋದ.

"ಬಿಡು," ಎಂದಳು ಅಜ್ಜಿ ಯಾರಿಗೋ. "ಕಾಮ್ರಿ, ಆ ಪಾತ್ರೆ ತಾ. ನೈಲಂಡ್ ಮನೇದು ಇವತ್ತಾದ್ರೂ ಕಳಿಸೋಣ."

ಕೋಲ್ಬಿ ಮಾರನೆಯ ದಿನ ಕಾಲೇಜಿಗೆ ಹೊರಡಬೇಕಿತ್ತು. ಅವನ ಚಳಿಗಾಲದ ಕೋಟು ಹೊಲಿಗೆ ಕೋಣೆಯ ಗೂಟದಲ್ಲಿತ್ತು. ಒಳಗೆ ಹೋದ. ಮಂಚವನ್ನು ಗುರುವಾರವೇ ಒಯ್ದಿದ್ದರು. ನೆಲದಲ್ಲಿ ಅದರ ಗಾಲಿಗಳ ನಾಲ್ಕು ಗುರುತು ಇದ್ದವು. ಯಾರೂ ನೋಡಬಾರದೆಂದು ಅವನು ಬಾಗಿಲನ್ನು ಜೋರಾಗಿ ಎಳೆದು ಹಾಕಿಕೊಂಡ. ತಲೆದಿಂಬು ಇರುತ್ತಿದ್ದ ಜಾಗದಲ್ಲಿ, ಗೋಡೆಗೆ ಒರಗಿ ನೆಲದ ಮೇಲೆ ಕೂತ.

"ಇದು ಯಾರದು ಅಜ್ಜಿ? ಹೆಸರು ಅಳಿಸಿಹೋಗಿದೆ," ಎಂದಳು ಕಾಮ್ರಿ ಅಡುಗೆಮನೆಯಲ್ಲಿ.

"ಆಲ್ರೆಡ್‌ದು. ಅಂಚು ಒಡೆದಿದೆ ನೋಡು."

"ಇದರಲ್ಲಿ ಉಳಿದಿರೋದನ್ನ ಏನು ಮಾಡ್ಲಿ?"

"ಮೂಸಿ ನೋಡು. ಚೆನ್ನಾಗಿದ್ರೆ ಕೋಲ್ಬಿಗೆ ಕಟ್ಟಿಕೊಡು. ದಾರೀಲಿ ತಿನ್ನಲಿ."

ಅವರು ಮೆಲ್ಲಗೇ ಮಾತಾಡುತ್ತಿದ್ದರು. ಅಂಟುಪಟ್ಟಿ ಕೀಳುವ ಸದ್ದು, ಚಮಚ ಪಾತ್ರೆಯ ತಳ ಕೆರೆಯುವ ಸದ್ದು, ಕಾಮ್ರಿ ಮೂಗು ಎಳೆದುಕೊಂಡದ್ದು. ಅಪ್ಪ ಮಾಡಿದ ಬಾಗಿಲು ಭದ್ರವಾಗಿ ಮುಚ್ಚಿತ್ತು. ಒಂದೊಂದು ಮಾತೂ ಪಕ್ಕದಲ್ಲೇ ಆಡಿದಷ್ಟು ಸ್ಪಷ್ಟವಾಗಿ ಕೇಳಿಸುತ್ತಿತ್ತು.